ಎಬೊ ಕ್ವಾನ್ಸಾನ ಫೋನಿಗೆ ಬೇರು ಹಾಕಿಸಿದ ವೃತ್ತಾಂತ

ಕೇಪ್ ಕೋಸ್ಟಿನ ನಮ್ಮ ಕೇರಿಯಲ್ಲಿ ಯಾರಿಗಾದರೂ ಗಂಟೆ ಎಷ್ಟೆಂದು ಗೊತ್ತಾಗಬೇಕಾದರೆ ಮಿಷನ್ ಶಾಲೆಯ ಗಂಟೆ ಕೇಳಬೇಕು. ಆ ಗಂಟೆ ಹೊಡೆಯುವವನು ನಮ್ಮ ವಠಾರದ ಎಬೊ ಕ್ವಾನ್ಸಾ. ಎಬೊ ಕ್ವಾನ್ಸಾನಿಗೆ ಗಂಟೆ ಎಷ್ಟೆಂದು ಗೊತ್ತಾಗಬೇಕಾದರೆ ಅವನ ಹೆಂಡತಿ ಮನ್ಸಾ ಹೇಳಬೇಕು. ಮನ್ಸಾ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಆದರೂ ಅವಳೇ ಹೇಳುತ್ತಿದ್ದಳು.

ಈಗಲೇ ಗಾಬರಿಯಾಗಬೇಡಿ, ಗಾಬರಿಯಾಗುವ ಜಾಗ ಮುಂದಿದೆ. ಮನ್ಸಾ ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ, ತಾನಿಲ್ಲದೆ ಈ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ತಿಳಿದು, ಅವನ ಫೋನಿನಲ್ಲಿ ತನ್ನ ದನಿಯನ್ನೇ ಅಲಾರಂ ಮಾಡಿ ಇಟ್ಟುಹೋದಳು. ಒಂದಲ್ಲ, ಏಳು ಅಲಾರಂ. ಇಡೀ ದಿನಕ್ಕಾಗುವಷ್ಟು ಬೈಗುಳ. ಅವಳು ಹೋದಮೇಲೆ ಎಬೊ ಆರನ್ನು ನಿಲ್ಲಿಸಿಬಿಟ್ಟ, ಕೇಳಿದರೆ ತುತ್ತು ಇಳಿಯುವುದಿಲ್ಲವಂತೆ. ಬೆಳಗಿನ ಐದು ಗಂಟೆಯದೊಂದನ್ನು ಮಾತ್ರ ಉಳಿಸಿಕೊಂಡ.

"ಎಬೊ! ಏಳೋ! ಗಂಟೆ ನಿಮ್ಮಪ್ಪ ಬಂದು ಹೊಡೀತಾನಾ?"

ಆಮೇಲೆ ಒಂದು ಕೆಮ್ಮು. ಆಮೇಲೆ ಎಬೊನ ಉತ್ತರ: "ಎದ್ದೆ ಕಣೇ, ಎದ್ದೆ." ಅವನ ಕೋಣೆಗೂ ನನ್ನ ಹೊಲಿಗೆ ಕೋಣೆಗೂ ನಡುವೆ ಒಂದೇ ಗೋಡೆ. ಹದಿನಾಲ್ಕು ತಿಂಗಳು ಪ್ರತಿ ಬೆಳಗ್ಗೆ ಗಂಡ ಹೆಂಡಿರ ಈ ಸಂಭಾಷಣೆ ಕೇಳಿದ್ದೇನೆ. ಸ್ವಂತ ಗಂಡ ಬದುಕಿದ್ದಾಗ ನನ್ನ ಮನೆಯಲ್ಲಿ ಇದರ ಕಾಲು ಭಾಗ ಮಾತುಕತೆಯೂ ನಡೆದಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಕಂಪನಿಯವರು ಎಲ್ಲ ಫೋನುಗಳಿಗೂ ಏನೋ ಹೊಸದು ಕಳಿಸಿದರು. ಫೋನು ಮಾಡಿ ಮಾರಿದವರೂ ಅವರೇ, ಸಿಮ್ ಕೊಟ್ಟವರೂ ಅವರೇ, ಹೇಗೂ ತಪ್ಪಿಸಿಕೊಳ್ಳುವಂತಿಲ್ಲ. "ನಿಮ್ಮ ಸುರಕ್ಷತೆಗಾಗಿ" ಎಂದು ಬರೆದಿತ್ತು. ಇನ್ನುಮುಂದೆ ಅಲಾರಂಗೆ ಕಂಪನಿ ಕೊಟ್ಟ ಹನ್ನೆರಡು ರಾಗಗಳನ್ನೇ ಇಟ್ಟುಕೊಳ್ಳಬೇಕು, ಸ್ವಂತ ದನಿ ನಡೆಯುವುದಿಲ್ಲ. ಮನ್ಸಾಳ ದನಿಯಿಂದ ಎಬೊ ಕ್ವಾನ್ಸಾನಿಗೆ ಯಾವ ಅಪಾಯವಿತ್ತೋ ದೇವರಿಗೇ ಗೊತ್ತು. ಇದ್ದ ಅಪಾಯವೆಲ್ಲ ಅವಳು ಬದುಕಿದ್ದಾಗಲೇ ಆಗಿಹೋಗಿತ್ತು.

ಸೋಮವಾರ ಐದಕ್ಕೆ ಫೋನಿನಲ್ಲಿ ಪೀಪಿ ಊದಿದಂತೆ ಒಂದು ರಾಗ ಬಂತು. ಎಬೊ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಏಳಾಯಿತು, ಎಂಟಾಯಿತು. ಶಾಲೆಯ ಗಂಟೆ ಹೊಡೆಯಲಿಲ್ಲ. ಗಂಟೆ ನಂಬಿಕೊಂಡ ಮೀನು ಮಾರುವ ಹೆಂಗಸರಿಗೆ ಲಾರಿ ತಪ್ಪಿತು, ಮಕ್ಕಳು ಮನೆಯಲ್ಲೇ ಉಳಿದವು. ಹೆಡ್‌ಮಾಸ್ತರರು ಸ್ವತಃ ನಮ್ಮ ವಠಾರಕ್ಕೆ ಬಂದು ಬಾಗಿಲು ಬಡಿದರು.

"ಏನಯ್ಯಾ ಇದು? ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಸಾರ್," ಎಂದ ಎಬೊ ಮಲಗಿದಲ್ಲಿಂದಲೇ. "ಅವಳು ಕರೀಲಿಲ್ಲ. ಕರೀದೆ ಹ್ಯಾಗೆ ಏಳ್ಲಿ?"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾದೆ.

ಅಂದೇ ಎಬೊ ಫೋನು ಹಿಡಿದುಕೊಂಡು ಕೋಟೊಕುರಾಬಾ ಮಾರುಕಟ್ಟೆಗೆ ಓಡಿದ. ಅಲ್ಲಿ ಬೆಂಟ್ಸಿಲ್ ಎಂಬವನ ರಿಪೇರಿ ಅಂಗಡಿ ಇದೆ. ನಾನೂ ಗುಂಡಿ ತರುವ ನೆಪದಲ್ಲಿ ಜೊತೆಗೆ ಹೋದೆ. ನೆಪವಿಲ್ಲದೆ ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ.

ಬೆಂಟ್ಸಿಲ್ ಫೋನನ್ನು ಅತ್ತಿತ್ತ ತಿರುಗಿಸಿ ನೋಡಿ ಹೇಳಿದ: "ಅಂಕಲ್, ಆಂಟಿ ದನಿ ಎಲ್ಲೂ ಹೋಗಿಲ್ಲ. ಒಳಗೇ ಇದೆ. ಕಂಪನಿಯವರು ಬಾಗಿಲು ಹಾಕ್ಕೊಂಡಿದಾರೆ ಅಷ್ಟೇ."

ಎಬೊ ಫೋನಿನ ಮೇಲೆ ಬಗ್ಗಿದ. "ಒಳಗೆ ಗಾಳಿ ಆಡುತ್ತಾ?"

"ಏನು?"

"ಅವಳಿಗೆ ಕೆಮ್ಮಿತ್ತು ಕಣಯ್ಯಾ."

ಬೆಂಟ್ಸಿಲ್ ಒಳ್ಳೆಯ ಮನುಷ್ಯ, ನಗಲಿಲ್ಲ. "ಈ ಫೋನಿಗೆ ರೂಟ್ ಮಾಡ್ಬೇಕು ಅಂಕಲ್. ರೂಟ್ ಸಿಕ್ಕಿದ್ರೆ ಎಂಥಾ ಬಾಗಿಲಾದ್ರೂ ತೆಗೆಯುತ್ತೆ. ಕಂಪನಿಯೋರಿಗೆ ಇಷ್ಟವಾಗಲ್ಲ, ಯೋಚನೆ ಮಾಡ್ಕೊಂಡು ನಾಳೆ ಬನ್ನಿ," ಎಂದ.

ರೂಟ್ ಎಂದರೆ ಬೇರು ಎಂಬುದು ಯಾರಿಗೆ ಗೊತ್ತಿಲ್ಲ? ಎಬೊ ವಠಾರಕ್ಕೆ ಬಂದು ಅಂಗಳದಲ್ಲಿ ನಿಂತು ಹೇಳಿದ: "ಬೇರು ಬೇಕಂತೆ."

ನಮ್ಮ ವಠಾರದ ಒಡತಿ ಆಂಟಿ ಎಫುವಾ ಕೂತಲ್ಲಿಂದ ಎದ್ದಳು. ಎಪ್ಪತ್ತರ ಮುದುಕಿ, ಊರಿನ ಯಾವ ಹೆಣವೂ ಅವಳ ಅಪ್ಪಣೆಯಿಲ್ಲದೆ ಮಣ್ಣಾಗಿಲ್ಲ. "ಯಾವ ಮರದ್ದು?"

"ಕೇಳ್ಲಿಲ್ಲ."

"ಥೂ ನಿನ್ನ! ಬೇರು ಬೇಕು ಅಂದ್ಮೇಲೆ ಯಾವ ಮರದ್ದು, ಯಾವ ದಿಕ್ಕಿನದ್ದು ಅಂತ ಕೇಳ್ಬೇಡ್ವಾ? ನಡಿ, ನಾನೇ ಬರ್ತೀನಿ. ಮನ್ಸಾ ಇದ್ದಿದ್ರೆ ನಿನ್ನನ್ನ ಒಬ್ಬನ್ನೇ ಬೀದಿಗೆ ಬಿಡ್ತಿರ್ಲಿಲ್ಲ."

ಬೇರು ಕೊಡುವ ನಾಟಿ ವೈದ್ಯ ಊರಾಚೆ ಗುಡ್ಡದ ಬುಡದಲ್ಲಿದ್ದಾನೆ. ಕಣ್ಣು ಮಂಜಾದ ಮುದುಕ. ನಾವು ಮೂವರೂ ಅವನ ಮುಂದೆ ಕೂತೆವು. ಏತಕ್ಕೆ ಬೇಕು ಎಂದು ಕೇಳಿದ.

"ಬಾಗಿಲು ತೆಗಿಯೋಕೆ," ಎಂದ ಎಬೊ. "ಒಳಗೆ ನನ್ನ ಹೆಂಡ್ತಿ ಇದಾಳೆ."

"ಹೋಗಿ ಎಷ್ಟು ದಿನ ಆಯ್ತು?"

"ಹದಿನಾಲ್ಕು ತಿಂಗಳು ಅಜ್ಜಾ."

ಮುದುಕ ಒಳಗೆ ಹೋಗಿ ಮೂರು ಬೇರುಗಳನ್ನು ತಂದು ಕೆಂಪು ದಾರದಲ್ಲಿ ಕಟ್ಟಿ ಕೊಟ್ಟ. ನಾವು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಹೇಳಿದ: "ತೆಗಿಯೋದು ಸುಲಭ. ಮುಚ್ಚಿಸೋಕೆ ಅಂತ ನನ್ನ ಹತ್ರ ಬರಬೇಡಿ." ಆಂಟಿ ಎಫುವಾ ಹಿಂದಿರುಗಿ ನೋಡಲಿಲ್ಲ. ನಾನು ನೋಡಿದೆ. ಮುದುಕ ಬಾಗಿಲಿಗೆ ಅಡ್ಡಲಾಗಿ ಬೂದಿಯ ಗೆರೆ ಎಳೆಯುತ್ತಿದ್ದ.

ಮಾರನೆಯ ದಿನ ಎಬೊ ಆ ಕಟ್ಟನ್ನು ಬೆಂಟ್ಸಿಲ್‌ನ ಮೇಜಿನ ಮೇಲಿಟ್ಟು, "ತಗೊಳಪ್ಪ, ರೂಟು. ಮೂರು ಸಾಕಾ?" ಎಂದಾಗ ಬೆಂಟ್ಸಿಲ್ ನಕ್ಕ ನಗುವಿಗೆ ಪಕ್ಕದ ನಾಲ್ಕು ಅಂಗಡಿಯವರು ಓಡಿಬಂದರು. "ಅಯ್ಯೋ ಅಂಕಲ್! ಇದು ಕಂಪ್ಯೂಟರ್ ಕೆಲಸ ಅಂಕಲ್!" ಎಂದು ಹೊಟ್ಟೆ ಹಿಡಿದುಕೊಂಡು ಕುಸಿದ. ಎಬೊನೂ ಮರ್ಯಾದೆಗೆ ಸ್ವಲ್ಪ ನಕ್ಕ.

ಆಮೇಲೆ ಬೆಂಟ್ಸಿಲ್ ಕೆಲಸಕ್ಕೆ ಕೂತ. ಒಂದು ಸಲ ಮಾಡಿದ, ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲಕ್ಕೆ ಫೋನು ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ನೆರೆದವರನ್ನು ನಗಿಸಲಿಕ್ಕೆಂದು ಬೆಂಟ್ಸಿಲ್ ಆ ಬೇರಿನ ಕಟ್ಟನ್ನೆತ್ತಿ ಫೋನಿನ ಮೇಲಿಟ್ಟು, "ನಡಿ ತಾಯಿ, ಬಾ ಆಚೆಗೆ!" ಎಂದ. ಫೋನು ಒಮ್ಮೆ ನಡುಗಿತು. ಪರದೆ ಬೆಳಗಿತು. ಅದರ ಮೇಲೆ ಬರೆದಿತ್ತು: "ಈ ಫೋನಿನ ಬೀಗ ತೆಗೆಯಲಾಗಿದೆ. ಇನ್ನು ಇದನ್ನು ನಂಬಬೇಡಿ."

ಯಾರೂ ನಗಲಿಲ್ಲ. ಬೆಂಟ್ಸಿಲ್ ಬೇರಿನ ಕಟ್ಟನ್ನು ಎರಡೇ ಬೆರಳಲ್ಲಿ ಎತ್ತಿ ಎಬೊನ ಕೈಗಿಟ್ಟು, "ಆಯ್ತು, ಹೊರಡಿ ಅಂಕಲ್. ನನಗೆ ಅಂಗಡಿ ಮುಚ್ಚೋ ಹೊತ್ತಾಯ್ತು," ಎಂದ. ಆಗ ಬೆಳಗಿನ ಹತ್ತೂವರೆ.

ಆ ಗಡಿಬಿಡಿಯಲ್ಲಿ ಅವನು ಎರಡು ವಿಷಯ ಗಮನಿಸಲಿಲ್ಲ. ಫೋನಿನ ಗಡಿಯಾರ ಏಳು ಗಂಟೆ ಹಿಂದೆ ಬಿದ್ದಿತ್ತು. ಮತ್ತು ಎಬೊ ನಿಲ್ಲಿಸಿಟ್ಟಿದ್ದ ಆರು ಅಲಾರಂಗಳೂ ಎಚ್ಚೆತ್ತುಕೊಂಡಿದ್ದವು.

ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಗಾಳಿ ಸತ್ತಿತ್ತು, ನೆರಳು ಕಾಲ ಕೆಳಗೇ ಮುದುರಿಕೊಂಡಿತ್ತು. ನಾನು ಯಾರದೋ ತಿಥಿಗೆ ಕಪ್ಪು ಬಟ್ಟೆ ಹೊಲಿಯುತ್ತಿದ್ದೆ. ಆಂಟಿ ಎಫುವಾ ಜೋಳದ ಹಿಟ್ಟಿನ ಉಂಡೆಗಳನ್ನು ಬಾಳೆಲೆಯಲ್ಲಿ ಸುತ್ತುತ್ತಿದ್ದಳು. ಎಬೊ ಫೋನನ್ನು ಕಿಟಕಿಯ ಮೇಲಿಟ್ಟು ಹಿತ್ತಲಿಗೆ ಹೋಗಿದ್ದ. ಶಾಲೆಯಲ್ಲಿ ಹೆಡ್‌ಮಾಸ್ತರರೇ ಹನ್ನೆರಡರ ಗಂಟೆ ಹೊಡೆದರು. ಕೊನೆಯ ಏಟಿನ ಸದ್ದು ಇನ್ನೂ ಅಡಗಿರಲಿಲ್ಲ.

"ಎಬೊ! ಏಳೋ! ಗಂಟೆ ನಿಮ್ಮಪ್ಪ ಬಂದು ಹೊಡೀತಾನಾ?"

ಬೆಳಗಿನ ಐದಕ್ಕೆ, ಗೋಡೆಯಾಚೆಯಿಂದ, ಮೆಲ್ಲಗೆ ಕೇಳುವುದು ಬೇರೆ. ಸುಡುವ ಬಿಸಿಲಿನಲ್ಲಿ, ಖಾಲಿ ಕಿಟಕಿಯಿಂದ, ಇಡೀ ವಠಾರಕ್ಕೆ ಕೇಳುವಂತೆ ಬರುವುದು ಬೇರೆ. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು, ಬಾಲ ಅಲ್ಲಾಡಿಸುತ್ತ, ಮನ್ಸಾ ಕೂರುತ್ತಿದ್ದ ಜಾಗಕ್ಕೆ ಹೋಗಿ ತಲೆಯೆತ್ತಿ ನಿಂತಿತು. ಯಾರದೋ ಕೈಯಿಂದ ತುತ್ತು ಬರುವುದೆಂದು ಕಾದಂತಿತ್ತು.

ಒಂದು ಗಂಟೆಗೆ ಎರಡನೆಯದು: "ಮುಖ ತೊಳ್ಕೊಂಡ್ಯಾ? ಸುಳ್ಳು ಹೇಳ್ಬೇಡ, ಇಲ್ಲಿಂದಾನೇ ಕಾಣುತ್ತೆ."

ಸದ್ದಿಗೆ ಹೊರಬಂದ ನೆರೆಯವರಿಬ್ಬರೂ ಸೇರಿ ಅಂಗಳದಲ್ಲಿದ್ದ ನಾಲ್ವರೂ ಹೋಗಿ ಮುಖ ತೊಳೆದುಕೊಂಡೆವು.

ಎರಡು ಗಂಟೆಗೆ ಮೂರನೆಯದು: "ಎಫುವಾ ಹತ್ರ ನನ್ನ ದೊಡ್ಡ ಪಾತ್ರೆ ಇದೆ. ಹೋಗಿ ಇಸ್ಕೊಂಡ್ಬಾ. ಅವಳ ಮುಖ ನೋಡ್ಬೇಡ. ಮುಖ ನೋಡಿದ್ರೆ ನೀನು ವಾಪಸ್ ಬರ್ತೀಯ, ಪಾತ್ರೆ ಬರಲ್ಲ."

ಆಂಟಿ ಎಫುವಾ ಬಾಳೆಲೆ ಬಿಟ್ಟು ಎದ್ದಳು. ಕೊಪ್ಪರಿಗೆಯಲ್ಲಿ ಬೇಯುತ್ತಿದ್ದುದನ್ನೆಲ್ಲ ಬರಿ ನೆಲಕ್ಕೆ ಸುರಿದು, ಆ ಪಾತ್ರೆಯನ್ನು ತಿಕ್ಕಿ, ತೊಳೆದು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಎಬೊನ ಕಿಟಕಿಯ ಕೆಳಗಿಟ್ಟಳು. "ಕೊಡ್ಬೇಕು ಅಂತಾನೇ ಇದ್ದೆ ಕಣೇ ಮನ್ಸಾ," ಎಂದಳು ಫೋನಿಗೆ. "ನೀನೇ ಅವಸರ ಮಾಡಿ ಹೋಗ್ಬಿಟ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮನ್ಸಾ ಇನ್ನೂ ಹೆಸರು ಹೇಳದವರೆಲ್ಲ ಸಂಜೆಯೊಳಗೆ ಬಂದರು. ಒನಕೆ ಬಂತು, ಲಾಟೀನು ಬಂತು, ಮೀನು ಹೊಗೆ ಹಾಕುವ ಜಾಲರಿ ಬಂತು. ಮನ್ಸಾಳದಲ್ಲದ ಒಂದು ಕೊಡೆಯೂ ಬಂತು, ಅದು ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಒಂದು ಕತ್ತರಿಯೂ ಬಂತು. ಅದನ್ನು ತಂದಿಟ್ಟವರು ಯಾರು ಎಂಬುದು ಈ ಕಥೆಗೆ ಬೇಕಾದ ವಿಷಯವಲ್ಲ.

ಹಿತ್ತಲಿನಿಂದ ಬಂದ ಎಬೊ ಮಾತ್ರ ಕಿಟಕಿಗೆ ಕಿವಿಯಿಟ್ಟು ನಿಂತು ನಗುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅವನು ಮನಸಾರೆ ನಕ್ಕಿದ್ದನ್ನು ನಾನು ಆಗಲೇ ನೋಡಿದ್ದು. ಅವನಿಗೆ ಹೆದರಿಕೆಯೇ ಇರಲಿಲ್ಲ. ನನಗಿತ್ತು. ಏಕೆಂದರೆ ಪ್ರತಿ ಮಾತಿನ ನಂತರ ಆ ಫೋನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಉತ್ತರ ಕೇಳಿದಮೇಲೆಯೇ ಆರುತ್ತಿತ್ತು.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? "ಕ್ವಾನ್ಸಾ ಫೋನಿಗೆ ಬೇರು ಹಾಕ್ಸಿದಾನಂತೆ, ಹೆಂಡ್ತಿ ಎದ್ದು ಬಂದ್ಲಂತೆ." ಮೂರನೆಯ ದಿನ ಪಾದ್ರಿ ಅಫುಲ್ ಅವರು ಬೈಬಲ್ ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಂದರು. ಫೋನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿದರು. ಕೊನೆಗೆ ಕೈಯೆತ್ತಿ ಗರ್ಜಿಸಿದರು: "ಹೇಳು! ಎಲೈ ಆತ್ಮವೇ, ನಿನಗೇನು ಬೇಕು?"

ಆಗ ಸರಿಯಾಗಿ ಮೂರು ಗಂಟೆ.

"ಇನ್ನೂ ಕೂತಿದೀಯಲ್ಲೋ! ಕೆಲಸ ಇಲ್ವಾ? ಎದ್ದು ಹೋಗು!"

ಪಾದ್ರಿಗಳು ಎದ್ದು ಹೋದರು. ಬೈಬಲನ್ನು ತರಲು ಆಮೇಲೆ ಒಬ್ಬ ಭಕ್ತನನ್ನು ಕಳಿಸಿದರು.

ಬೆಂಟ್ಸಿಲ್ ಒಂದು ದಿನ ವಠಾರದ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ, ಗಡಿಯಾರ ಸರಿಮಾಡಿ ಕೊಡುತ್ತೇನೆ ಎಂದ. ಎಬೊ ಫೋನನ್ನು ಎದೆಗೆ ಅವುಚಿಕೊಂಡ. "ಬೇಡಪ್ಪ. ಮುಟ್ಟಿದ್ರೆ ಮತ್ತೆ ಹೋಗ್ಬಿಡ್ತಾಳೆ. ಹೊತ್ತು ಅವಳು ಹೇಳಿದ್ದೇ ಸರಿ." ಹೆಡ್‌ಮಾಸ್ತರರು ಬೇರೆ ದಾರಿಯಿಲ್ಲದೆ ಬೆಳಗಿನ ಗಂಟೆ ತಾವು ಹೊಡೆದು, ಸಂಜೆಯ ಗಂಟೆ ಅವನಿಗೆ ಬಿಟ್ಟರು. ಎಲ್ಲವೂ ಒಂದು ರೀತಿಯಲ್ಲಿ ಹೊಂದಿಕೊಳ್ಳುತ್ತಿತ್ತು. ನಾವೂ ಹೊಂದಿಕೊಂಡೆವು, ಮಧ್ಯಾಹ್ನ ಒಂದಕ್ಕೆ ಮುಖ ತೊಳೆಯುವುದು ವಠಾರದ ಪದ್ಧತಿಯೇ ಆಗಿಹೋಯಿತು.

ಆರನೆಯ ದಿನ ಫೋನು ಕಪ್ಪಾಯಿತು. ಬಿಳಿಯ ಅಕ್ಷರದಲ್ಲಿ ಒಂದು ಸಾಲು: "ಅನುಮತಿಯಿಲ್ಲದ ಬದಲಾವಣೆ ಕಂಡುಬಂದಿದೆ. ಕಚೇರಿಗೆ ಬನ್ನಿ."

ಎಬೊ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡ. ನಾನು, ಆಂಟಿ ಎಫುವಾ ಎರಡೂ ಪಕ್ಕಕ್ಕೆ. ಕಂಪನಿಯ ಕಚೇರಿಯೊಳಗೆ ಶವಾಗಾರದ ಹಾಗೆ ತಣ್ಣಗಿತ್ತು. ಅಧಿಕಾರಿಯ ಹೆಸರು ಟಾಂಡೋ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು.

"ಕ್ವಾನ್ಸಾ ಅವರೇ, ನೀವು ಫೋನಿನ ಬೀಗ ಒಡೆದಿದೀರಿ. ಇದು ಒಪ್ಪಂದಕ್ಕೆ ವಿರುದ್ಧ."

"ಫೋನು ನಂದಲ್ವಾ ಸಾರ್?"

"ಫೋನು ನಿಮ್ಮದೇ. ಒಳಗಿರೋದು ನಮ್ಮದು."

"ಒಳಗಿರೋದು ನನ್ನ ಹೆಂಡ್ತಿ ಸಾರ್."

ಟಾಂಡೋ ನಗು ಬದಲಿಸಲಿಲ್ಲ. "ಕ್ಷಮಿಸಿ, ಒಪ್ಪಂದದಲ್ಲಿ ಆ ಥರ ಕಲಂ ಇಲ್ಲ."

ಆಂಟಿ ಎಫುವಾ ಮುಂದಕ್ಕೆ ಬಗ್ಗಿದಳು. "ಮಗಾ, ನಿಮ್ಮಮ್ಮ ಯಾರು? ಮೀನು ಪೇಟೆಯೋಳಾ? ಅವಳ ಹೆಣದ ಮುಂದೆ ನಿಂತ್ಕೊಂಡು ಯಾರಾದ್ರೂ ಹಿಂಗೆ ಕಲಂ ಹೇಳಿದ್ರೆ ಸುಮ್ನಿರ್ತೀಯಾ?"

ಟಾಂಡೋ ಉತ್ತರಿಸಲು ಬಾಯಿ ತೆರೆದ. ಗೋಡೆಯ ಗಡಿಯಾರದಲ್ಲಿ ಹನ್ನೆರಡಾಯಿತು. ಮೇಜಿನ ಮೇಲಿದ್ದ ಫೋನು, ಬೀಗ ಬಿದ್ದು ಕಪ್ಪಾಗಿದ್ದ ಫೋನು, ಬೆಳಕಿಲ್ಲದೆಯೇ ಮಾತಾಡಿತು.

"ಎಬೊ! ಏಳೋ!"

ಎಬೊ ಎದ್ದು ನಿಂತ. ಟಾಂಡೋನೂ ಎದ್ದು ನಿಂತ. ಆ ಸಾಲಿನ ಹನ್ನೆರಡು ಮೇಜಿನವರೂ, ಬಾಗಿಲ ಕಾವಲುಗಾರನೂ, ಸರತಿಯಲ್ಲಿ ಕೂತಿದ್ದವರೂ ಎದ್ದು ನಿಂತರು. ಆಮೇಲೆ ಆ ಕೆಮ್ಮು ಕೇಳಿತು.

ಟಾಂಡೋ ಫೋನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಅವನ ಕಣ್ಣಿನಲ್ಲಿ ಹೆದರಿಕೆಯ ಹಿಂದೆ ಇನ್ನೊಂದೇನೋ ಇತ್ತು. ಸಂತೆಯಲ್ಲಿ ಒಳ್ಳೆಯ ಬಟ್ಟೆ ಕಂಡಾಗ ಕೊಳ್ಳುವವರ ಕಣ್ಣಿನಲ್ಲಿ ಇರುವಂಥದ್ದು. ನಾನು ಹೊಲಿಗೆಯವಳು, ನನಗೆ ಗೊತ್ತಾಗುತ್ತದೆ.

"ಎಂಥಾ ದನಿ!" ಎಂದ ಮೆಲ್ಲಗೆ. "ಯಾರಿಗೂ ಇಲ್ಲ ಅನ್ನೋಕೆ ಬಾಯೇ ಬರಲ್ಲ." ಆಮೇಲೆ ಗಂಟಲು ಸರಿಮಾಡಿಕೊಂಡು, "ಕ್ವಾನ್ಸಾ ಅವರೇ, ದಂಡ ಗಿಂಡ ಏನೂ ಬೇಡ. ಇದನ್ನ ಬಿಟ್ಟು ಹೋಗಿ. ದೊಡ್ಡ ಕಚೇರಿಗೆ ಕಳಿಸಿ, ನಿಮ್ಮ ಹೆಂಡತಿ ದನಿ ವಾಪಸ್ ಬರೋ ಹಾಗೆ ಮಾಡಿಸ್ತೀನಿ. ಎಂಟನೇ ದಿನ ನಾನೇ ಮನೆಗೆ ತಂದ್ಕೊಡ್ತೀನಿ," ಎಂದ.

ಎಬೊ ಅವನ ಎರಡೂ ಕೈ ಹಿಡಿದುಕೊಂಡ. ಹೊರಡುವಾಗ ಬಾಗಿಲಿನಿಂದ ವಾಪಸ್ ಬಂದು ಹೇಳಿದ: "ಸಾರ್, ಬೋರಲು ಹಾಕಿ ಇಡ್ಬೇಡಿ. ಉಸಿರು ಕಟ್ಟುತ್ತೆ."

ಎಂಟನೆಯ ದಿನ ಎಂದರೆ ನಮ್ಮಲ್ಲಿ ಸಾಮಾನ್ಯ ದಿನವಲ್ಲ. ಹುಟ್ಟಿದ ಮಗುವನ್ನು ಮೊದಲ ಸಲ ಬೆಳಕಿಗೆ ತಂದು ಹೆಸರಿಡುವುದು ಎಂಟನೆಯ ದಿನ. ಅದಕ್ಕೆ ಮುಂಚೆ ಅದು ಬರಿಯ ಅತಿಥಿ, ನಿಲ್ಲಲೂಬಹುದು, ಬಂದ ಕಡೆಗೇ ಹೋಗಲೂಬಹುದು. ಅಂದು ಅದರ ನಾಲಿಗೆಗೆ ಒಂದು ಹನಿ ನೀರು, ಒಂದು ಹನಿ ಮದ್ಯ ಮುಟ್ಟಿಸುತ್ತೇವೆ. ನೀರನ್ನು ನೀರೆಂದು ಹೇಳು, ಮದ್ಯವನ್ನು ಮದ್ಯವೆಂದು ಹೇಳು, ಸುಳ್ಳಾಡಬೇಡ ಎಂದು. ಟಾಂಡೋ ಬರುವನೆಂದು ಆಂಟಿ ಎಫುವಾ ಬಿಳಿ ಸೀರೆಯಂಥ ಬಟ್ಟೆ ಸುತ್ತಿಕೊಂಡು, ಎರಡು ಲೋಟ ತುಂಬಿಸಿಟ್ಟುಕೊಂಡು ಕೂತಿದ್ದಳು. "ಸತ್ತೋಳು ತಿರುಗಿ ಬರ್ತಿದಾಳೆ ಅಂದ್ಮೇಲೆ ಹುಟ್ಟಿದ ಹಾಗೇ ಅಲ್ವೇನೇ ಅರಬಾ," ಎಂದಳು ನನಗೆ. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ತಿಳಿಯಲಿಲ್ಲ. ನಾವೆಲ್ಲರೂ ಬಿಳಿ ಬಟ್ಟೆಯಲ್ಲಿದ್ದೆವು.

ಟಾಂಡೋ ಬಂದ. ಫೋನನ್ನು ಹೊಸ ಪೆಟ್ಟಿಗೆಯಲ್ಲಿಟ್ಟು, ರಿಬ್ಬನ್ ಕಟ್ಟಿ ತಂದಿದ್ದ. ಎಬೊ ಹೊರತೆಗೆದು ಗುಂಡಿ ಒತ್ತಿದ. ಪರದೆ ಬೆಳಗಿತು.

"ನಮಸ್ಕಾರ! ನನ್ನ ಹೆಸರು ಗ್ರೇಸ್. ನಿಮಗೆ ನಾನು ಹೇಗೆ ಸಹಾಯ ಮಾಡಲಿ?"

ಮನ್ಸಾಳ ದನಿ. ಅದೇ ಒರಟು, ಅದೇ ಏರಿಳಿತ, ಸಂದೇಹವೇ ಇಲ್ಲ. ಆದರೆ ಮಾತು ಯಾವುದೋ ಹೋಟೆಲಿನ ಬಾಗಿಲಲ್ಲಿ ನಿಂತವಳದು. ಮೂಲೆಯ ನಾಯಿ ಎದ್ದು ಎರಡು ಹೆಜ್ಜೆ ಬಂದದ್ದು ಅಲ್ಲೇ ನಿಂತಿತು, ಆಮೇಲೆ ಹಿಂದೆ ಹಿಂದೆಯೇ ಸರಿಯುತ್ತ ಬಾಗಿಲು ದಾಟಿ ಹೋಯಿತು.

ಆಂಟಿ ಎಫುವಾ ಲೋಟ ಹಿಡಿದುಕೊಂಡು ಬಗ್ಗಿದಳು. "ಮನ್ಸಾ? ನಾನು ಕಣೇ, ಎಫುವಾ. ಪಾತ್ರೆ ಕೊಟ್ಟೆ."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಿರಾ?"

ಎಫುವಾ ತಟ್ಟನೆ ಹಿಂದೆ ಸರಿದಳು. ಮದ್ಯ ಫೋನಿನ ಮೇಲೆ ಚೆಲ್ಲಿತು.

"ಇದು ನೀರಿನಂತೆ ತೋರುತ್ತದೆ," ಎಂದಿತು ಮನ್ಸಾಳ ದನಿ, ಮಧುರವಾಗಿ. "ದಯವಿಟ್ಟು ಫೋನನ್ನು ಒಣಗಿಸಿ."

ಎಫುವಾ ಕಿರುಚಿದ ಸದ್ದಿಗೆ ಬೀದಿಯ ಜನ ಒಳಗೆ ಬಂದರು. "ಮದ್ಯಕ್ಕೆ ನೀರು ಅಂತಿದೆ! ಎಂಟನೇ ದಿನ ಮದ್ಯಕ್ಕೆ ನೀರು ಅಂತಿದೆ! ಇವಳು ಮನ್ಸಾ ಅಲ್ಲ ಕಣ್ರೋ, ಯಾರೋ ಅವಳ ಬಾಯಿ ಹಾಕ್ಕೊಂಡು ಬಂದಿದಾರೆ!"

"ಶಾಂತವಾಗಿರಿ ಅಮ್ಮಾ," ಎಂದ ಟಾಂಡೋ ಕರವಸ್ತ್ರದಿಂದ ಫೋನು ಒರೆಸುತ್ತ. "ದನಿ ಅವರದೇ. ನಾವು ಅದಕ್ಕೆ ಮಾತು ಕಲಿಸಿದೀವಿ ಅಷ್ಟೇ. ಮುಂಚೆ ಏಳೇ ಮಾತು ಬರ್ತಿತ್ತು, ಈಗ ಏನು ಬೇಕಾದ್ರೂ ಹೇಳ್ತಾರೆ. ಕ್ವಾನ್ಸಾ ಅವರು ಒಂದು ಸಲ ಒಪ್ಪಿಗೆ ಒತ್ತಿದ್ರೆ ಸಾಕು. ದನಿಯನ್ನ ಕಂಪನಿ ಬಳಸ್ಕೋಬಹುದು ಅಂತ."

"ಹಳೇ ಏಳು ಮಾತು?" ಎಂದೆ ನಾನು.

"ಅವು ಅಳಿಸಿ ಹೋಗ್ತವೆ. ಅವು ಅನುಮತಿ ಇಲ್ಲದೆ ರೆಕಾರ್ಡ್ ಮಾಡಿದ್ದು."

"ಒತ್ತದೇ ಇದ್ರೆ?"

"ಫೋನು ಇಲ್ಲಿಗೇ ನಿಂತು ಹೋಗುತ್ತೆ."

"ಒತ್ತಬೇಡ ಎಬೊ!" ಎಂದು ನಾನು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. "ನಿಲ್ಲಲಿ ಬಿಡು! ಕಲ್ಲಾದ್ರೂ ಆಗ್ಲಿ, ಒಳಗೆ ಅವಳು ಅವಳಾಗೇ ಇರ್ತಾಳೆ. ಬೆಂಟ್ಸಿಲ್ ಹತ್ರ ಹೋಗೋಣ, ಬೇರು ತರೋಣ, ಹತ್ತು ಬೇರು ತರೋಣ!"

ಎಬೊ ನನ್ನ ಕಡೆ ತಿರುಗಿದ. ಅವನು ಕೇಳುತ್ತಿದ್ದ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಫೋನನ್ನು ಕೆಳಗಿಡುತ್ತಿದ್ದ.

"ಮುಂದುವರಿಯಲು ಒಪ್ಪಿಗೆ ಒತ್ತಿ," ಎಂದಳು ಮನ್ಸಾ.

ಎಬೊ ಒತ್ತಿದ.

"ಇಪ್ಪತ್ತೆರಡು ವರ್ಷ ಆ ದನಿಗೆ ಆಗಲ್ಲ ಅಂದೋನಲ್ಲ ಅರಬಾ," ಎಂದ ಆಮೇಲೆ, ತಪ್ಪು ಮಾಡಿದ ಮಗುವಿನ ಹಾಗೆ. "ಈಗ ಹ್ಯಾಗೆ ಅನ್ಲಿ?"

ನನಗೆ ಬಂದ ಸಿಟ್ಟಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಒಂದು ವಾರ ಗ್ರೇಸ್ ಆ ಫೋನಿನಲ್ಲಿ ಹವಾಮಾನ ಹೇಳುತ್ತಿದ್ದಳು. ಆಮೇಲೆ, ಈ ಫೋನು ಹಳೆಯದಾಯಿತು, ಇನ್ನು ಇದಕ್ಕೆ ಸೇವೆಯಿಲ್ಲ ಎಂದು ಹೇಳಿ ಅವಳೂ ನಿಂತುಹೋದಳು. ಎಬೊ ಮಾತಾಡುವುದು ಬಿಟ್ಟ. ಬೆಳಗ್ಗೆ ಆಂಟಿ ಎಫುವಾ ಬಾಗಿಲು ಬಡಿದರೆ ಏಳುತ್ತಿದ್ದ, ಬಡಿಯದಿದ್ದರೆ ಇಲ್ಲ. ತಂದಿಟ್ಟ ಪಾತ್ರೆ ಪಡಗಗಳು ಕಿಟಕಿಯ ಕೆಳಗೇ ಇದ್ದವು. ಯಾರಿಗೂ ಮುಟ್ಟುವ ಧೈರ್ಯವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ನಾವೆಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದೆವು, ಏನೂ ಬರುತ್ತಿರಲಿಲ್ಲ.

ಒಂದೂವರೆ ತಿಂಗಳ ಮೇಲೆ ನನ್ನ ಫೋನಿನ ಲೈನು ಕೆಟ್ಟಿತು. ಆಂಟಿ ಎಫುವಾಳ ಫೋನಿನಿಂದ ಕಂಪನಿಗೆ ಕರೆ ಮಾಡಿದೆ. ದೂರು ಹೇಳುವ ನಂಬರಿಗೆ ಕರೆ ಪುಕ್ಕಟೆ. ಎರಡು ಸಲ ರಿಂಗಾಯಿತು.

"ದಯವಿಟ್ಟು ಕಾಯಿರಿ," ಎಂದಳು ಮನ್ಸಾ. "ನಿಮ್ಮ ಕರೆ ನಮಗೆ ಅಮೂಲ್ಯ."

ಇಡೀ ದೇಶಕ್ಕೆ ಕೇಳಿಸುತ್ತಿದ್ದಳು. ಅಕ್ರಾದಲ್ಲಿ, ಕುಮಾಸಿಯಲ್ಲಿ, ಉತ್ತರದ ಬಯಲಿನಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ಕಿವಿಗೆ ಫೋನು ಹಿಡಿದು ನಿಂತಿದ್ದರೋ, ಅವರಿಗೆಲ್ಲ ನಮ್ಮ ವಠಾರದ ಸತ್ತ ಹೆಂಗಸು ಕಾಯಲು ಹೇಳುತ್ತಿದ್ದಳು. ಯಾರೂ ಫೋನು ಇಡುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎಬೊನಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಲೇ ಶಾಲೆಗೆ ಓಡಿದೆ. ಅವನು ಜಗುಲಿಯ ಮೇಲೆ ಕಾಲು ಚಾಚಿ, ಹೆಡ್‌ಮಾಸ್ತರರಿಂದ ಇಸಿದುಕೊಂಡ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದ. ಮಕ್ಕಳು ಆಟದ ಬಯಲಿನಲ್ಲಿ ಕೇಕೆ ಹಾಕುತ್ತಿದ್ದವು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ಜಾಗ ತೋರಿಸಿದ.

"ಯಾವಾಗಿಂದ ಗೊತ್ತು?" ಎಂದೆ.

"ಇಪ್ಪತ್ತು ದಿನ ಆಯ್ತು." ಪಿಸುಗುಟ್ಟಿದ. "ಕಾಯಿರಿ ಅಂತಾಳೆ, ಕಾಯ್ತಾ ಇದೀನಿ. ನನ್ನ ಕರೆ ಅಮೂಲ್ಯ ಅಂತೆ ಅರಬಾ. ಇಪ್ಪತ್ತೆರಡು ವರ್ಷದಲ್ಲಿ ಒಂದಿನ ಹಾಗಂದೋಳಲ್ಲ."

"ಅದು ಅವಳಲ್ಲ ಎಬೊ."

"ಗೊತ್ತು ಕಣಮ್ಮಾ. ನನಗೆ ಗೊತ್ತಾಗಲ್ವಾ?" ಎಂದ. ಕಣ್ಣಲ್ಲಿ ನೀರಿತ್ತು. ಆದರೂ ಫೋನು ಇಳಿಸಲಿಲ್ಲ. ಸ್ವಲ್ಪ ವಾರೆ ಮಾಡಿ ನನ್ನ ಕಿವಿಗೂ ಕೇಳುವಂತೆ ಹಿಡಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಕೇಳಿದೆವು. ದಯವಿಟ್ಟು ಕಾಯಿರಿ. ದಯವಿಟ್ಟು ಕಾಯಿರಿ. ದಯವಿಟ್ಟು ಕಾಯಿರಿ.

ಆಗ ಕಟಕ್ಕೆಂದಿತು. ಯಾರೋ ಜೀವಂತ ಹುಡುಗಿಯ ದನಿ, ಉತ್ಸಾಹದಿಂದ: "ನಮಸ್ಕಾರ ಸಾರ್! ಕಾಯಿಸಿದ್ದಕ್ಕೆ ಕ್ಷಮಿಸಿ. ಹೇಳಿ ಸಾರ್, ಏನು ತೊಂದ್ರೆ?"

"ತೊಂದ್ರೆ ಏನೂ ಇಲ್ಲಮ್ಮಾ," ಎಂದ ಎಬೊ ಕ್ವಾನ್ಸಾ. "ನನ್ನನ್ನ ಮತ್ತೆ ಕಾಯೋಕೆ ಹಾಕು ತಾಯಿ."